ಹಳೆಯ ಗಣಕಕ್ರೀಡೆಗಳ ಪಾಠನಿರ್ಣಯ

ನಕ್ಷತ್ರನೌಕೆಗಳ ಕಾಳಗವನ್ನು ಆಡಿಸುವ ‘ವಿಂಗ್ ಕಮಾಂಡರ್’ (1990) ತನ್ನ ನಡೆಯ ವೇಗವನ್ನು ಅಂದಿನ ಯಂತ್ರದ ಪ್ರೊಸೆಸರಿನಿಂದಲೇ ಪಡೆಯುತ್ತಿತ್ತು. ಹೆಚ್ಚು ವೇಗದ ಯಂತ್ರದಲ್ಲಿ ಅದೇ ಕಾಳಗವು ಕೈಗೆ ನಿಲುಕದಂತೆ ಧಾವಿಸುತ್ತದೆ. ಇಂದಿನ 64 ಬಿಟ್ ವಿಂಡೋಸ್ ವ್ಯವಸ್ಥೆಯಂತೂ ಇಂತಹ ಡಾಸ್ ಕ್ರಮವಿಧಿಗಳನ್ನು ನೇರವಾಗಿ ನಡೆಸುವುದೇ ಇಲ್ಲ. 2002ರಲ್ಲಿ ಹೊರಬಂದ ಡಾಸ್‌ಬಾಕ್ಸ್ ಹಳೆಯ ಯಂತ್ರವನ್ನೇ ತಂತ್ರಾಂಶದಲ್ಲಿ ಅನುಕರಿಸಿ ಈ ಕೊರತೆಯನ್ನು ನೀಗಿಸಿತು. ಆದರೆ ಅಲ್ಲಿ ವೇಗದ ಅಂಕಿಯನ್ನು ಆಡುವವರೇ ಗೊತ್ತುಮಾಡಬಹುದು. ಹಾಗೆ ಮಾಡುವವರನ್ನು ನಾವು ಗ್ರಂಥಸಂಪಾದಕರೆಂದೇ ಎಣಿಸುತ್ತೇವೆ. ಓಲೆಪ್ರತಿಗಳ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕಾಣಿಸದ ಸಂಪಾದಕನನ್ನು ವಿದ್ವಾಂಸರು ಮನ್ನಿಸರು. ಇಲ್ಲಿಯಾದರೋ ಆಟವನ್ನು ವಿಮರ್ಶಿಸುವವರು ತಾವು ಆಡಿದ ವೇಗವನ್ನು ತಿಳಿಸುವುದೇ ಅಪೂರ್ವ. ಆ ಅಂಕಿಯನ್ನು ಹೇಳದೆ ಆಟವು ಕಠಿಣವೆಂದೋ ಸುಲಭವೆಂದೋ ಅವರು ಕೊಡುವ ತೀರ್ಪನ್ನು ನಾವು ಅಂಗೀಕರಿಸಲಾರೆವು.