ಕೂತರೆ ಸಾಲದು, ಕೂಡಬೇಕು

ಟ್ಯೂಬ್ ವಿಮರ್ಶೆ ಓದುವಾಗೆಲ್ಲ ನನಗೆ ಮೈಲಾರದ ಕಾರಣಿಕ ನೆನಪಾಗುತ್ತೆ. ನಮ್ಮ ಕಡೆಯವರಿಗೆ ಇದನ್ನ ವಿವರಿಸಬೇಕಿಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ 'ಸದ್ದಲೇ' ಅಂತ ಕೂಗ್ತಾರೆ. ಅಷ್ಟು ದೊಡ್ಡ ಜನಜಂಗುಳಿ ಒಮ್ಮೆಗೇ ಗಪ್ಪಾಗುತ್ತೆ. ಆಮೇಲೆ ಬರೋದು ಒಂದೇ ಸಾಲಿನ ನುಡಿ. ರೈತರಿಗೆ ಅದರಲ್ಲಿ ಮಳೆ ಕಾಣುತ್ತೆ, ರಾಜಕಾರಣಿಗಳಿಗೆ ಕುರ್ಚಿ ಕಾಣುತ್ತೆ.

'ಈ ಟ್ಯೂಬಿನ ಮೇಲಿನ ಸ್ವರ ರೇಷ್ಮೆ, ನಡುವಿನದು ಜೇನು' ಅನ್ನೋ ವಿಮರ್ಶೆಯೂ ಇದೇ ಜಾತಿಯದು. ಯಾರು ಏನು ಬೇಕಾದರೂ ಅರ್ಥ ಮಾಡ್ಕೋಬಹುದು. ಕಾರಣಿಕಕ್ಕಾದರೆ ಮೊದಲು ಸದ್ದು ಅಡಗುತ್ತೆ, ನಮ್ಮ ವಿಮರ್ಶೆಗಳಲ್ಲಿ ಅದೂ ಇಲ್ಲ. ಬೇರೆಯವರನ್ನ ಆಡಿಕೊಳ್ಳೋ ಮೊದಲು ಒಪ್ಪಿಕೊಂಡುಬಿಡ್ತೀನಿ: ಹೋದ ವರ್ಷ ಇಂಥದ್ದೇ ಒಂದು ನುಡಿಯನ್ನ ನಾನೂ ನುಡಿದೆ, ಅದನ್ನ ನಂಬಿ ಗೆಳೆಯನೊಬ್ಬ ದುಡ್ಡು ಕಳಕೊಂಡ.

ಕೂಡ್ಲಿಗಿಯಲ್ಲಿ ನಮ್ಮ ದೊಡ್ಡಪ್ಪಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ರೇಡಿಯೊ ಇಟ್ಕೊಳ್ಳೋಕೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿದ್ದ ಕಾಲ ಅದು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯಿಂದಲೂ ಬಸ್ಸಿನ ಮೇಲೆ ರೇಡಿಯೊ, ಮೈಕ್‌ಸೆಟ್ಟು ಬರ್ತಿದ್ದವಂತೆ. ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಯ್ತು. ಹೋದ ವರ್ಷ ಊರಿಗೆ ಹೋದಾಗ ಅಟ್ಟದ ಮೇಲಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿಕೊಟ್ಟರು. ಹಳೇ ಪೇಪರಿನಲ್ಲಿ ಸುತ್ತಿಟ್ಟ ನಾಲ್ಕು ವಾಲ್ವು. (ಬೆಂಗಳೂರಿನ ನಾವು ಟ್ಯೂಬ್ ಅಂತೀವಿ, ಊರಲ್ಲಿ ಅದು ಇವತ್ತಿಗೂ ವಾಲ್ವು.) ಮೂರರ ಮೇಲೆ ಅಕ್ಷರ ಅಳಿಸಿಹೋಗಿತ್ತು. ಒಂದರ ಮೇಲೆ ಮಾತ್ರ ಇನ್ನೂ ಓದೋಕೆ ಬರ್ತಿತ್ತು: ಬಿಇಎಲ್, ಇಸಿಸಿ83.

ಬಿಇಎಲ್ ಅಂದರೆ ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್. 1954ರಲ್ಲಿ ಶುರುವಾದ ಈ ಸರ್ಕಾರಿ ಕಾರ್ಖಾನೆ 1961ರಿಂದ ರೇಡಿಯೊ ವಾಲ್ವುಗಳನ್ನ ತಯಾರಿಸ್ತು. ಇವತ್ತು ರಡಾರ್‌ಗೆ ಹೆಸರಾದ ಕಂಪನಿಯ ಗಾಜಿನ ವಾಲ್ವೊಂದು ಬೆಂಗಳೂರಿಂದ ಕೂಡ್ಲಿಗಿಗೆ ಹೋಗಿ, ಅಟ್ಟದಲ್ಲಿ ಮಲಗಿ, ನನ್ನ ಬ್ಯಾಗಿನಲ್ಲಿ ವಾಪಸ್ ಬೆಂಗಳೂರಿಗೆ ಬಂತು. ಈ ಕತೆ ಗೊತ್ತಿದ್ದೂ ಕಿವಿ ನ್ಯಾಯವಾಗಿ ಕೇಳುತ್ತೆ ಅಂತ ನಂಬಿದ್ದು ನನ್ನ ಮೊದಲ ತಪ್ಪು.

ನನ್ನ ಪ್ರಿ-ಆಂಪ್‌ನಲ್ಲಿ ಮೂರು ಟ್ಯೂಬು. ರೆಕಾರ್ಡ್ ಪ್ಲೇಯರಿನಿಂದ ಬರೋ ಸಣ್ಣ ಸಿಗ್ನಲ್ ಹಿಗ್ಗಿಸೋಕೆ ಎರಡು ಇಸಿಸಿ83, ಕೊನೆಗೆ ಒಂದು ಇಸಿಸಿ82. ಮೊದಲಿದ್ದ ಹೊಸ ಟ್ಯೂಬ್ ತೆಗೆದು ಎರಡನೇ ಜಾಗಕ್ಕೆ ಬಿಇಎಲ್ ಹಾಕಿದೆ. ಗಂಗೂಬಾಯಿ ಹಾನಗಲ್ ಅವರ ಎಲ್‌ಪಿ ಇಟ್ಟೆ. ಆ ಗಡಸು ದನಿ, ಹಿಂದಿನ ತಂಬೂರಿ, ಎಲ್ಲ ಒಂದು ಹೆಜ್ಜೆ ಮುಂದೆ ಬಂದು ಕೂತ ಹಾಗಾಯ್ತು. ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಗೆಳೆಯ ಹುಡುಕಾಡಿ ಅಂಥದ್ದೇ ಒಂದನ್ನ ತರಿಸಿ ಹಾಕ್ಕೊಂಡ. ವಾರ ಬಿಟ್ಟು ಫೋನ್ ಮಾಡಿ, "ನಂಗೇನೂ ವ್ಯತ್ಯಾಸ ಗೊತ್ತಾಗ್ತಿಲ್ಲ ಮಾರಾಯ, ನನ್ನ ಕಿವಿನೇ ಸರಿ ಇಲ್ಲ ಅನ್ಸುತ್ತೆ" ಅಂದ.

ದುಡ್ಡಿನ ಮಾತು ಬಿಡಿ, ಆ ಕೊನೆಯ ವಾಕ್ಯ ನನ್ನನ್ನ ಕೊರೀತು. ನನ್ನ ಮಾತು ತಪ್ಪಿರಬಹುದು ಅಂತ ಅವನಿಗೆ ಅನ್ನಿಸಲೇ ಇಲ್ಲ. ತನ್ನ ಕಿವಿಯನ್ನೇ ಅನುಮಾನಿಸಿದ.

ಹಾಗಾಗಿ ಸರಿಯಾಗಿ ಪರೀಕ್ಷೆ ಮಾಡೋಕೆ ಕೂತೆ. ಟ್ಯೂಬ್ ಬದಲಿಸೋದು ಬಲ್ಬ್ ಬದಲಿಸಿದಂತಲ್ಲ. ಆಫ್ ಮಾಡಿ, ತಣ್ಣಗಾಗೋಕೆ ಬಿಟ್ಟು, ಬದಲಿಸಿ, ಮತ್ತೆ ಬಿಸಿಯಾಗೋವರೆಗೆ ಕಾಯಬೇಕು. ಅಷ್ಟರಲ್ಲಿ ಹಿಂದೆ ಕೇಳಿದ್ದರ ನೆನಪು ಕರಗಿರುತ್ತೆ, ಆ ಜಾಗಕ್ಕೆ ಆಸೆ ಬಂದು ಕೂತಿರುತ್ತೆ. ಅದಕ್ಕೇ ಎರಡೂ ಟ್ಯೂಬಿನಲ್ಲಿ ಒಂದೇ ಹಾಡನ್ನ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಂಡೆ. ಟೆಸ್ಟ್ ರೆಕಾರ್ಡಿನ 1000 ಹರ್ಟ್ಜ್ ಸ್ವರ ಹಾಕಿ ಅಳೆದಾಗ ಗುಟ್ಟು ರಟ್ಟಾಯ್ತು. ದೊಡ್ಡಪ್ಪನ ಟ್ಯೂಬು ಅರ್ಧ ಡೆಸಿಬೆಲ್‌ಗಿಂತ ತುಸು ಹೆಚ್ಚು ಜೋರಾಗಿತ್ತು, ಅಷ್ಟೇ. ಇಷ್ಟು ಸಣ್ಣ ಏರಿಕೆಯನ್ನ ಕಿವಿ 'ಜೋರು' ಅಂತ ಗುರುತಿಸಲ್ಲ, 'ಚೆನ್ನ' ಅಂತ ಗುರುತಿಸುತ್ತೆ. ಒಂದು ಹೆಜ್ಜೆ ಮುಂದೆ ಬಂದದ್ದು ಗಂಗೂಬಾಯಿ ಅಲ್ಲ, ವಾಲ್ಯೂಮು.

ಎರಡನ್ನೂ ಒಂದೇ ಮಟ್ಟಕ್ಕೆ ತಂದೆ. ಹೆಂಡತಿ ಫೈಲುಗಳ ಹೆಸರು ಅದಲುಬದಲು ಮಾಡಿಕೊಟ್ಟಳು. ಹತ್ತು ಸಲದಲ್ಲಿ ಆರು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ರೂ ಅಷ್ಟು ಸಿಗುತ್ತೆ.

ಹಾಗಾದ್ರೆ ಟ್ಯೂಬ್ ಬದಲಿಸೋದೇ ಸುಳ್ಳಾ? ಅಲ್ಲ. ಎಲ್ಲಿ, ಯಾವುದನ್ನ ಅನ್ನೋದರಲ್ಲಿ ನಿಜವಾದ ವ್ಯತ್ಯಾಸ ಇದೆ. ಇಸಿಸಿ83ಕ್ಕೆ ಅಮೆರಿಕದ ಹೆಸರು 12ಎಎಕ್ಸ್7. ಅದರ ವರ್ಧನಾಂಕ 100. ಇಸಿಸಿ81, ಅಂದರೆ 12ಎಟಿ7ರದ್ದು ಸುಮಾರು 60. ಇಸಿಸಿ82, ಅಂದರೆ 12ಎಯು7ರದ್ದು 20ರ ಆಸುಪಾಸು. ಮೂರಕ್ಕೂ ಒಂಬತ್ತೇ ಕಾಲು, ಒಂದೇ ಜೋಡಣೆ. ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತೆ. ಆದ್ರೆ ಕೂರೋದು ಬೇರೆ, ಕೂಡೋದು ಬೇರೆ. ಕೈಪಿಡಿ ಲೆಕ್ಕದಲ್ಲಿ ಇಸಿಸಿ83 ಒಂದು ಮಿಲಿಆಂಪಿಯರ್ ಚಿಲ್ಲರೆಯಲ್ಲಿ ಕೆಲಸ ಮಾಡಿದ್ರೆ, ಇಸಿಸಿ82 ಹತ್ತರ ಮೇಲೆ ಕೇಳುತ್ತೆ. ಸುತ್ತಲಿನ ರೆಸಿಸ್ಟರುಗಳನ್ನ ಒಂದಕ್ಕೆ ಅಂತ ಲೆಕ್ಕ ಹಾಕಿ ಇಟ್ಟಿರ್ತಾರೆ. ಇನ್ನೊಂದನ್ನ ತಂದು ಕೂರಿಸಿ 'ಇದರ ಸ್ವಭಾವ ಮೃದು' ಅಂದ್ರೆ, ಬೇರೆಯವರ ಅಳತೆಯ ಚಪ್ಪಲಿ ಹಾಕಿಸಿ ಅವನ ನಡಿಗೆ ವಿಮರ್ಶೆ ಮಾಡಿದಂಗಾಯ್ತು. ಇಸಿಸಿ88ರ ಕತೆ ಇನ್ನೂ ಅಪಾಯ: ಅದಕ್ಕೂ ಒಂಬತ್ತು ಕಾಲೇ, ಆದ್ರೆ ಒಳಗಿನ ಹೀಟರ್ ಜೋಡಣೆಯೇ ಬೇರೆ. ಇಸಿಸಿ83ರ ಜಾಗಕ್ಕೆ ಅದನ್ನ ಹಾಕೋ ಹಾಗೇ ಇಲ್ಲ.

ಕಣ್ಣು ಮುಚ್ಚಿದ್ರೂ ತಪ್ಪದೆ ಗೊತ್ತಾದ ವ್ಯತ್ಯಾಸ ಒಂದೇ, ಅದು ಮೊದಲ ಜಾಗದ್ದು. ಪ್ಲೇಯರಿನ ಕಾರ್ಟ್ರಿಜ್ ಕೊಡೋದು ಕೆಲವೇ ಮಿಲಿವೋಲ್ಟ್. ಆ ಜಾಗದ ಟ್ಯೂಬ್ ಏನೇ ಗೊಣಗಿದ್ರೂ ಮುಂದಿನವೆಲ್ಲ ಅದನ್ನ ಹಿಗ್ಗಿಸಿ ಹೇಳ್ತವೆ. ಡಬ್ಬಿಯಲ್ಲಿದ್ದ ಅಕ್ಷರ ಅಳಿಸಿದ ಒಂದನ್ನ ಅಲ್ಲಿ ಹಾಕಿದಾಗ ಬಾಣಲೆಯಲ್ಲಿ ಒಗ್ಗರಣೆ ಸಿಡಿದ ಸದ್ದು. ಇನ್ನೊಂದನ್ನ ಪೆನ್ಸಿಲ್ಲಿನಿಂದ ಮೆಲ್ಲಗೆ ತಟ್ಟಿದ್ರೆ ಸ್ಪೀಕರಿನಲ್ಲಿ ಗಂಟೆ ಹೊಡೆದಂಗೆ. ಮೂರನೆಯದರ ತಲೆಯ ಬೆಳ್ಳಿ ಬಣ್ಣ ಹಾಲಿನಂತೆ ಬೆಳ್ಳಗಾಗಿತ್ತು, ಅಂದ್ರೆ ಒಳಗೆ ಗಾಳಿ ಹೊಕ್ಕಿದೆ. ಅದನ್ನ ಹಾಕೋ ಪ್ರಶ್ನೆಯೇ ಇಲ್ಲ.

ಇದನ್ನೆಲ್ಲ ದೊಡ್ಡಪ್ಪಗೆ ಫೋನಿನಲ್ಲಿ ಹೇಳಿದೆ. ಅವರಿಗೀಗ ಕಿವಿ ಮಂದ, ಎರಡೆರಡು ಸಲ ಹೇಳಬೇಕಾಯ್ತು. "ಹಾಡು ಹಾಕಿ ವಾಲ್ವು ನೋಡ್ತಾರೇನೋ ತಮ್ಮಾ? ಹಾಡು ಎಲ್ಲಾ ತಪ್ಪೂ ಮುಚ್ಚಿಬಿಡ್ತೈತೆ. ಮೊದ್ಲು ಏನೂ ಹಾಕ್ದಂಗೆ ವಾಲ್ಯೂಮ್ ಏರಿಸಿ ಕೇಳು" ಅಂದ್ರು. ಮೂವತ್ತು ವರ್ಷ ಅವರು ಅಂಗಡಿಯಲ್ಲಿ ಮಾಡಿದ್ದು ಅದನ್ನೇ. ಗಿರಾಕಿ ಮುಂದೆ 'ಸದ್ದಲೇ' ಅನ್ನೋದೊಂದು ಬಾಕಿ.

ಹಾಗಾಗಿ ಈಗ ನನ್ನ ಸಲಹೆ ಇಷ್ಟೇ. ನಿಮ್ಮ ಪ್ರಿ-ಆಂಪ್‌ಗೆ ತಯಾರಕರು ಹೇಳಿದ ನಂಬರನ್ನೇ ಹಾಕಿ. ದುಡ್ಡು ಹಾಕೋದಿದ್ರೆ ಮೊದಲ ಜಾಗಕ್ಕೆ ಹಾಕಿ, ಹೆಸರು ನೋಡಬೇಡಿ, ಸದ್ದಿಲ್ಲದ್ದನ್ನ ಆರಿಸಿದ್ದಾರಾ ಅಂತ ಕೇಳಿ. ಒಂದು ಸಲಕ್ಕೆ ಒಂದೇ ಟ್ಯೂಬ್ ಬದಲಿಸಿ, ವಾಲ್ಯೂಮ್ ಸಮ ಮಾಡದೆ ಬಾಯಿ ಬಿಡಬೇಡಿ. ಒಳಗೆ 200–300 ವೋಲ್ಟ್ ಇರುತ್ತೆ, ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತೆ. ಮುಚ್ಚಳ ಬಿಚ್ಚಲೇಬೇಕಾದ್ರೆ ಗೊತ್ತಿರೋರ ಕೈಲಿ ಬಿಚ್ಚಿಸಿ.

ಗೆಳೆಯನಿಗೆ ಫೋನ್ ಮಾಡಿ, "ನಿನ್ನ ಕಿವಿ ಸರಿಯಾಗೇ ಇದೆ, ಸರಿ ಇಲ್ಲದ್ದು ನನ್ನ ಬಾಯಿ" ಅಂದೆ. ಅವನು ತರಿಸಿದ ಟ್ಯೂಬಿನ ದುಡ್ಡು ಕೊಡ್ತೀನಿ ಅಂದ್ರೆ ಬೇಡ ಅಂದ, ಊಟ ಕೊಡಿಸು ಸಾಕು ಅಂದ.

ದೊಡ್ಡಪ್ಪನ ಬಿಇಎಲ್ ಈಗಲೂ ಎರಡನೇ ಜಾಗದಲ್ಲೇ ಉರೀತಿದೆ. ಚೆನ್ನಾಗಿ ಹಾಡುತ್ತೆ ಅಂತಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಅದರ ಕೆಂಪು ಬೆಳಕು ನೋಡೋಕೆ ನನಗೆ ಇಷ್ಟ.