ಪುಕ್ಕಟೆ ಜಾಗದ ತೂಕ

ಬೈಕಿನಂಥ ವಾಹನಗಳನ್ನೂ ಹೊತ್ತೊಯ್ಯುವ ವಾಸದ ಟ್ರೇಲರು, ಅಂದರೆ ಟಾಯ್ ಹಾಲರ್ ನೋಡಲು ಬಂದವರಿಗೆ ಮಾರಾಟಗಾರರು ತಪ್ಪದೆ ತೋರಿಸುವುದು ಹಿಂಬದಿ ಗ್ಯಾರೇಜಿನ ಬಂಕನ್ನು. ಗೋಡೆಯ ಸ್ವಿಚ್ ಒತ್ತಿದರೆ ಇಬ್ಬರು ಮಲಗುವ ಹಾಸಿಗೆ ಸದ್ದು ಮಾಡುತ್ತ ಛಾವಣಿಯವರೆಗೆ ಏರುತ್ತದೆ. ಕೆಳಗೆ ಡರ್ಟ್ ಬೈಕುಗಳೋ ಸೈಡ್-ಬೈ-ಸೈಡ್ ಎಂಬ ಜೋಡಿ ಆಸನದ ಮರಳುವಾಹನವೋ ನಿಲ್ಲಲು ಜಾಗವಾಗುತ್ತದೆ. ನೋಡುವವರು ತಲೆದೂಗುತ್ತಾರೆ. ಬೆನ್ನಿಗೇ ಒಂದು ಮಾತು ಬರುತ್ತದೆ: ದಾರಿಯಲ್ಲಿ ಈ ಹಾಸಿಗೆ ಹೇಗೂ ಖಾಲಿ, ಹಿಡಿಸದ ಸಾಮಾನನ್ನೆಲ್ಲ ಇದರ ಮೇಲೆ ಹೇರಿಬಿಡಿ. ಅಮೆರಿಕದ ಆರ್‌ವಿ (ಪ್ರವಾಸದ ವಾಸವಾಹನ) ಬಳಗದಲ್ಲಿ ಈ ಸಲಹೆ ಈಗ ಯಾರೂ ಪ್ರಶ್ನಿಸದ ಜಾಣತನವಾಗಿ ನೆಲೆಗೊಂಡಿದೆ. ಅನುಭವಿಗಳು ಹೊಸಬರಿಗೆ ಕೊಡುವ ಮೊದಲ ಉಪದೇಶಗಳಲ್ಲಿ ಇದೂ ಒಂದು. ಅದಕ್ಕೆ ಸಿಕ್ಕಿರುವ ಹೆಸರು ಯೋಗ್ಯತೆಗಿಂತ ಬಹಳ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಅದನ್ನು ವಿರೋಧಿಸುವವರೂ ತಪ್ಪು ಕಾರಣ ಹಿಡಿದು ವಿರೋಧಿಸುತ್ತಿದ್ದಾರೆ ಎಂಬುದು ಇನ್ನೊಂದು ಅಭಿಪ್ರಾಯ. ಎರಡನೆಯದರ ಬಗ್ಗೆಯೇ ನನಗೆ ಹೆಚ್ಚು ಹೇಳುವುದಿದೆ.

ಮೊದಲು ಹೊಗಳಿಕೆಯಲ್ಲಿ ನಿಜವಿರುವಷ್ಟನ್ನು ಒಪ್ಪಿಕೊಳ್ಳೋಣ. ಟಾಯ್ ಹಾಲರಿನಲ್ಲಿ ಜಾಗದ ಕೊರತೆ ದೊಡ್ಡದು. ಸಾಧಾರಣ ಟ್ರೇಲರಿನಲ್ಲಿ ಕಪಾಟು, ಡ್ರಾಯರುಗಳಿಗೆ ಸಿಗುವ ಜಾಗವನ್ನು ಇಲ್ಲಿ ಗ್ಯಾರೇಜು ನುಂಗಿಹಾಕಿರುತ್ತದೆ. ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯಕ್ಕೆ ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳಿಗೆ ಹೊರಟ ಕುಟುಂಬಕ್ಕೆ ಹೆಲ್ಮೆಟ್ಟು, ಬೂಟು, ಮಡಚುವ ಕುರ್ಚಿ, ನೆಲಹಾಸು, ಸ್ಲೀಪಿಂಗ್ ಬ್ಯಾಗು, ಸೌದೆ, ಐಸ್ ಪೆಟ್ಟಿಗೆ, ಉಪಕರಣಗಳ ಪೆಟ್ಟಿಗೆ ಎಲ್ಲವೂ ಬೇಕು. ಕಣ್ಣೆದುರೇ ಖಾಲಿ ಹಾಸಿಗೆ ಕಂಡರೆ ಕೈ ಅತ್ತ ಹೋಗುವುದು ಸಹಜ. ಸ್ಲೀಪಿಂಗ್ ಬ್ಯಾಗು, ದಿಂಬು, ಚಳಿಯ ಬಟ್ಟೆಯಂಥ ಹಗುರವಾಗಿ ಉಬ್ಬಿರುವ ಸಾಮಾನಿಗೆ ಅದು ಒಳ್ಳೆಯ ಜಾಗವೇ. ಆದರೆ ಸಲಹೆ ಅಲ್ಲಿಗೆ ನಿಂತಿಲ್ಲ. ಸೌದೆಯ ಕಟ್ಟು, ನೀರಿನ ಬಾಟಲಿಗಳ ಕ್ರೇಟು, ಜನರೇಟರು ಕೂಡ ಮೇಲೇರಿವೆ. ಜಗಳ ಇರುವುದು ಇವುಗಳ ಬಗ್ಗೆ.

ಈ ರೂಢಿಯ ಬೆನ್ನೆಲುಬಾಗಿರುವುದು ಒಂದೇ ವಾದ. ಅದನ್ನು ಬಿಡಿಸಿ ನೋಡಬೇಕು: "ಇಬ್ಬರು ದೊಡ್ಡವರು ಮಲಗುವ ಹಾಸಿಗೆ 300 ಪೌಂಡ್ ಸಾಮಾನು ತಾಳುವುದಿಲ್ಲವೆ?"

ಕೇಳಿದ ಕೂಡಲೇ ಒಪ್ಪುವಂತಿದೆ. 300 ಪೌಂಡ್ ಎಂದರೆ ಸುಮಾರು 136 ಕಿಲೋ, ಇಬ್ಬರ ತೂಕಕ್ಕಿಂತ ಹೆಚ್ಚೇನಲ್ಲ. ಆದರೆ ಮಲಗುವ ಹೊತ್ತಿನಲ್ಲಿ ಬಂಕ್ ಯಾವ ಸ್ಥಿತಿಯಲ್ಲಿರುತ್ತದೆ ಎಂದು ಈ ವಾದ ಕೇಳುವುದೇ ಇಲ್ಲ. ಆಗ ಟ್ರೇಲರು ನಿಂತಿದೆ. ಹಾಸಿಗೆ ಕೆಳಗಿಳಿದಿದೆ. ಕೆಲವು ಮಾದರಿಗಳಲ್ಲಿ ಅದು ಗೋಡೆಯ ತಡೆಗಳ ಮೇಲೋ ಪಿನ್ನುಗಳ ಮೇಲೋ ಕೂತು, ಭಾರ ನೇರವಾಗಿ ಗೋಡೆಗೆ ಇಳಿಯುತ್ತಿರುತ್ತದೆ. ಮೈಭಾರ ಹಾಸಿಗೆಯ ಉದ್ದಗಲಕ್ಕೆ ಹರಡಿರುತ್ತದೆ. ಪ್ರಯಾಣದಲ್ಲಿ ಇದರಲ್ಲಿ ಒಂದೂ ಉಳಿಯುವುದಿಲ್ಲ. ಹಾಸಿಗೆ ಛಾವಣಿಗೆ ತಾಗುವಂತೆ ಮೇಲಿದೆ. ಸಾಮಾನ್ಯವಾಗಿ ಮೋಟಾರು ಒಂದು ಪಕ್ಕದಲ್ಲಿದ್ದು, ಎರಡೂ ಪಕ್ಕ ಸಮವಾಗಿ ಏರಲೆಂದು ಅಡ್ಡಡ್ಡ ಒಂದು ಶಾಫ್ಟು ಹಾಯ್ದಿರುತ್ತದೆ. ಮೂಲೆಗಳನ್ನು ಹಿಡಿದಿರುವುದು ಹಲ್ಲಿನ ಪಟ್ಟಿ, ಇಲ್ಲವೆ ಚೈನು, ಇಲ್ಲವೆ ಬೆಲ್ಟು. ಲಾಕ್ ಪಿನ್ ಹಾಕದಿದ್ದರೆ ಇಡೀ ಭಾರವನ್ನು ತಡೆದಿರುವುದು ಮೋಟಾರಿನ ಗೇರು ಮತ್ತು ಅದರ ಬ್ರೇಕು. ಸಾಮಾನಿನ ಭಾರವೋ ಒಂದೆರಡು ಕಡೆ ಗುಡ್ಡೆ ಬಿದ್ದಿರುತ್ತದೆ, ಬಹುತೇಕ ಏಣಿಯ ಪಕ್ಕದ ಅಂಚಿನಲ್ಲಿ. ಕೈಗೆ ಎಟುಕುವುದು ಅದೇ ಅಂಚು.

ಇದಕ್ಕೆ ರಸ್ತೆಯನ್ನೂ ಸೇರಿಸಿ. ಗುಂಡಿ ಸಿಕ್ಕಾಗ, ಸೇತುವೆಯ ಸಂದು ದಾಟುವಾಗ ಟ್ರೇಲರು ಆಕ್ಸಲ್ಲುಗಳ ಮೇಲೆ ಮುಂದಕ್ಕೂ ಹಿಂದಕ್ಕೂ ತೂಗುತ್ತದೆ. ಆಕ್ಸಲ್ಲಿನಿಂದ ದೂರವಿದ್ದಷ್ಟೂ ಆ ತೂಗಾಟ ಜೋರು. ಗ್ಯಾರೇಜು ಇರುವುದು ಕಟ್ಟಕಡೆಗೆ, ರ್‍ಯಾಂಪ್ ಬಾಗಿಲಿನ ಪಕ್ಕ. ಅಲ್ಲಿ 300 ಪೌಂಡ್ ಸುಮ್ಮನೆ ಕೂತಿರುವುದಿಲ್ಲ. ಎದ್ದು ಬೀಳುವಾಗ ತನ್ನ ತೂಕಕ್ಕಿಂತ ಹೆಚ್ಚಿನ ಬಲದಿಂದ ಹಲ್ಲಿನ ಪಟ್ಟಿಯನ್ನು ಗುದ್ದುತ್ತದೆ. ಆ ಗುದ್ದು ಗಂಟೆಗಟ್ಟಲೆ ನಡೆಯುತ್ತದೆ. ಮನೆಯ ಅಟ್ಟ ತೊಲೆಯ ಮೇಲೆ ಕೂತಿದೆ, ಮನೆ ನೆಲದ ಮೇಲೆ ಕೂತಿದೆ. ಬಂಕನ್ನು ಅಟ್ಟವೆಂದುಕೊಂಡವರು ಮರೆಯುವುದು ಇದನ್ನೇ.

ಬೆಲ್ಟು ಹಾಕಿ ಬಿಗಿದರೆ ಸಾಕು ಎನ್ನುವವರಿದ್ದಾರೆ. ಬಿಗಿದರೆ ಸಾಮಾನು ಜಾರುವುದಿಲ್ಲ, ಐಸ್ ಪೆಟ್ಟಿಗೆ ಕೆಳಗಿನ ಬೈಕಿನ ಟ್ಯಾಂಕಿನ ಮೇಲೆ ಬೀಳುವುದಿಲ್ಲ. ಆ ಮಟ್ಟಿಗೆ ಸರಿ. ಆದರೆ ಬಿಗಿದ ಸಾಮಾನು ಬಂಕಿನ ಚೌಕಟ್ಟಿನೊಂದಿಗೆ ಒಂದಾಗುತ್ತದೆ. ಸಡಿಲವಿದ್ದಾಗ ಜಾರಿ ಕುಪ್ಪಳಿಸಿ ಅಷ್ಟಿಷ್ಟು ಕಳೆದುಹೋಗುತ್ತಿದ್ದ ಪೆಟ್ಟೂ ಈಗ ನೇರವಾಗಿ ಗೇರಿಗೆ ಹೋಗುತ್ತದೆ. ಬೆಲ್ಟು ಕಾಪಾಡುವುದು ಸಾಮಾನನ್ನು. ಯಂತ್ರದ ಚಿಂತೆ ಹಾಗೆಯೇ ಉಳಿಯುತ್ತದೆ.

ಗ್ಲಾಮಿಸ್‌ನ ಕ್ಯಾಂಪಿನಲ್ಲಿ ಒಂದು ಬಂಕ್ ಓರೆಯಾಗಿ ಇಳಿಯುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಎಡಗಡೆ ಸರಾಗವಾಗಿ ಬರುತ್ತಿತ್ತು. ಬಲಗಡೆ ಎರಡು ಬೆರಳಿನಷ್ಟು ಹಿಂದುಳಿದು, ತಡೆದು, ಟಪ್ಪೆಂದು ಒಮ್ಮೆಗೇ ಇಳಿಯುತ್ತಿತ್ತು. ಬಲಮೂಲೆಯಲ್ಲಿ ಉಪಕರಣಗಳ ಪೆಟ್ಟಿಗೆ ಇತ್ತು. ಮೇಲೆ ಛಾವಣಿಯ ದೀಪದ ಪ್ಲಾಸ್ಟಿಕ್ ಮುಚ್ಚಳ ಒಡೆದು ಜೋತಾಡುತ್ತಿತ್ತು. ಹೊರಡುವ ದಿನ ಬಂಕ್ ಏರಿಸುವಾಗ ಪೆಟ್ಟಿಗೆಯ ಹಿಡಿಕೆ ಅದಕ್ಕೆ ಒತ್ತಿಕೊಂಡಿರಬೇಕು. ಕೆಳಗೆ ನಿಂತು ಸ್ವಿಚ್ ಒತ್ತುವವರಿಗೆ ಮೇಲಿನ ಆ ಒಂದು ಗೇಣಿನ ಸಂದು ಕಾಣುವುದೇ ಇಲ್ಲ. ಮೋಟಾರಿಗಂತೂ ತಾನು ಎತ್ತುತ್ತಿದ್ದೇನೋ ಜಜ್ಜುತ್ತಿದ್ದೇನೋ ತಿಳಿಯುವುದಿಲ್ಲ.

ಇನ್ನು ವಿರೋಧಿಗಳ ಮಾತಿಗೆ ಬರುತ್ತೇನೆ. ಅವರ ಕೂಗು ಒಂದೇ: ಎತ್ತರ, ಎತ್ತರ. ಭಾರ ಮೇಲಿಟ್ಟರೆ ಗುರುತ್ವಕೇಂದ್ರ ಏರುತ್ತದೆ, ಗಾಳಿಗೆ ಟ್ರೇಲರು ಮಗುಚುತ್ತದೆ ಎನ್ನುತ್ತಾರೆ. ಸ್ಯಾನ್ ಡಿಯಾಗೊದಿಂದ ಗ್ಲಾಮಿಸ್‌ಗೆ ಹೋಗುವವರು ಅಂತರರಾಜ್ಯ ಹೆದ್ದಾರಿ 8ರಲ್ಲಿ 4,000 ಅಡಿ ಮೀರಿದ ಬೆಟ್ಟಸಾಲು ಹತ್ತಿ, ಇನ್-ಕೋ-ಪಾ ಕಣಿವೆಯ ಇಳಿಜಾರಿನಲ್ಲಿ ಸಮುದ್ರಮಟ್ಟಕ್ಕೂ ಕೆಳಗಿರುವ ಎಲ್ ಸೆಂಟ್ರೊ ಕಡೆಗೆ ಇಳಿಯಬೇಕು. ಆ ಇಳಿಜಾರಿನಲ್ಲಿ ಬೀಸುವ ಗಾಳಿ ಕುಖ್ಯಾತ. ಹಾಗಾಗಿ ಈ ಭಯಕ್ಕೆ ಕೇಳುಗರು ಬೇಗ ಸಿಗುತ್ತಾರೆ. ಆದರೆ ಇದನ್ನು ಹೇಳುವವರು ಲೆಕ್ಕ ಹಾಕಿ ನೋಡಿದಂತಿಲ್ಲ.

ಸಾಮಾನು, ವಾಹನ ಎಲ್ಲ ಸೇರಿ 10,000 ಪೌಂಡ್ ತೂಗುವ ಟ್ರೇಲರು ಎನ್ನೋಣ. ಅದರ ಗುರುತ್ವಕೇಂದ್ರ ನೆಲದಿಂದ 5 ಅಡಿ ಎತ್ತರದಲ್ಲಿದೆ. 10 ಅಡಿ ಎತ್ತರದ ಬಂಕಿನ ಮೇಲೆ 300 ಪೌಂಡ್ ಇಟ್ಟರೆ ಆ ಕೇಂದ್ರ ಏರುವುದು ಎರಡು ಇಂಚಿಗೂ ಕಡಿಮೆ. ಗಾಳಿಗೆ ಸಿಕ್ಕುವುದು ಟ್ರೇಲರಿನ ಪಕ್ಕದ ಗೋಡೆ. ಬಂಕ್ ತುಂಬಿದ್ದರೂ ಖಾಲಿಯಿದ್ದರೂ ಅದರ ವಿಸ್ತಾರ ಅಷ್ಟೇ. ಗ್ಯಾರೇಜಿನ ನೆಲದ ಮೇಲೆ ನಿಂತ 1,500 ಪೌಂಡಿನ ಸೈಡ್-ಬೈ-ಸೈಡ್ ಬಂಕಿನ ಸಾಮಾನಿಗಿಂತ ಎಷ್ಟೋ ಕೆಳಗೆ ತನ್ನ ಭಾರ ಊರಿರುತ್ತದೆ. ಮಗುಚುವ ಭಯ ಪೂರಾ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಈ ರೂಢಿಯ ಮುಖ್ಯ ದೋಷ ಅದೆಂದು ಸಾರುವುದು ಕೆಡುಕನ್ನೇ ಮಾಡಿದೆ. ಲೆಕ್ಕ ಬಲ್ಲ ಹೊಗಳುಭಟರು ಆ ಎರಡು ಇಂಚನ್ನು ಎತ್ತಿ ತೋರಿಸಿ, ನೋಡಿ, ಎಲ್ಲ ಆಕ್ಷೇಪಣೆಯೂ ಇಷ್ಟೇ ಎಂದು ಗೆದ್ದುಹೋಗುತ್ತಾರೆ. ದುರ್ಬಲ ವಾದವನ್ನು ಮುಂದಿಟ್ಟು ಬಲವಾದ ವಾದವನ್ನು ಹಿಂದೆ ಮುಚ್ಚಿಟ್ಟಂತಾಗಿದೆ.

ಬಲವಾದ ವಾದ ಇರುವುದು ಬಂಕ್ ಎಷ್ಟು ಮೇಲಿದೆ ಎಂಬುದರಲ್ಲಿಲ್ಲ, ಎಷ್ಟು ಹಿಂದಿದೆ ಎಂಬುದರಲ್ಲಿ. ಎಳೆದೊಯ್ಯುವ ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಟ್ರಕ್ಕಿಗೆ ಜೋಡಿಸುವ ಹಿಚ್ಚಿನ ಮೇಲೆ ಕೂರಬೇಕು ಎಂಬುದು ಎಲ್ಲರೂ ಬಲ್ಲ ಸೂತ್ರ. ಅದಕ್ಕಿಂತ ಇಳಿದರೆ ಟ್ರೇಲರು ಬಾಲ ಆಡಿಸತೊಡಗುತ್ತದೆ. ಪಕ್ಕದಲ್ಲಿ ಹಾದುಹೋದ ಲಾರಿಯ ಗಾಳಿಯೋ ಇಳಿಜಾರಿನ ವೇಗವೋ ಅದನ್ನು ಹೆಚ್ಚಿಸುತ್ತದೆ. ಟ್ರೇಲರನ್ನು ಉರುಳಿಸುವ ಅಪಾಯ ಹುಟ್ಟುವುದು ಬಹುಮಟ್ಟಿಗೆ ಇಲ್ಲಿಂದ.

ಹಿಂದಿನ ಉದಾಹರಣೆಯನ್ನೇ ಬೆಳೆಸುತ್ತೇನೆ. ಹಿಚ್ಚಿನಿಂದ ಆಕ್ಸಲ್ಲುಗಳ ನಡುಮಧ್ಯಕ್ಕೆ 20 ಅಡಿ. ಖಾಲಿ ಟ್ರೇಲರು 8,000 ಪೌಂಡ್, ಹಿಚ್ಚಿನ ಮೇಲೆ 1,300. ಅಡುಗೆ ಸಾಮಾನು, ಬಟ್ಟೆ ಮುಂತಾಗಿ 500 ಪೌಂಡ್ ಆಕ್ಸಲ್ಲಿಗಿಂತ 10 ಅಡಿ ಮುಂದಿದ್ದರೆ ಹಿಚ್ಚಿಗೆ 250 ಸೇರಿ 1,550 ಆಗುತ್ತದೆ. 1,500 ಪೌಂಡಿನ ವಾಹನ ಆಕ್ಸಲ್ಲಿಗಿಂತ 6 ಅಡಿ ಹಿಂದೆ ನಿಂತಾಗ ಹಿಚ್ಚಿನಿಂದ 450 ಕಳೆದು 1,100 ಉಳಿಯುತ್ತದೆ. ಈಗ ಒಟ್ಟು 10,000ಕ್ಕೆ 1,100, ಅಂದರೆ ನೂರಕ್ಕೆ 11. ಚೆನ್ನಾಗಿಯೇ ಇದೆ. ಇದರ ಮೇಲೆ ಬಂಕಿನ 300 ಪೌಂಡ್ ಬರುತ್ತದೆ, ಆಕ್ಸಲ್ಲಿಗಿಂತ 9 ಅಡಿ ಹಿಂದೆ. ಹಿಚ್ಚಿನಿಂದ ಇನ್ನೂ 135 ಹಾರಿಹೋಗಿ 965 ಉಳಿಯುತ್ತದೆ. ಒಟ್ಟು 10,300ಕ್ಕೆ ನೂರಕ್ಕೆ 9.4. ಗೆರೆ ದಾಟಿತು. ಇಟ್ಟದ್ದು 300 ಪೌಂಡಾದರೂ ಆಕ್ಸಲ್ಲು ಮತ್ತು ಟೈರುಗಳ ಮೇಲೆ ಬಿದ್ದದ್ದು 435. ಹಿಚ್ಚು ಕಳೆದುಕೊಂಡದ್ದನ್ನೂ ಅವೇ ಹೊರಬೇಕು.

ಟಾಯ್ ಹಾಲರನ್ನು ಖಾಲಿಯಿದ್ದಾಗ ಹಿಚ್ಚಿನ ಮೇಲೆ ಹೆಚ್ಚು ಭಾರ ಬೀಳುವಂತೆಯೇ ಕಟ್ಟಿರುತ್ತಾರೆ, ಹಿಂದೆ ಹೇರಲಿ ಎಂದೇ ಹಾಗೆ ಮಾಡಿರುತ್ತಾರೆ ಎಂಬ ಸಮಾಧಾನ ಕೇಳಿಬರುತ್ತದೆ. ನಿಜ. ಆದರೆ ಆ ಉಳಿತಾಯ ಗ್ಯಾರೇಜಿನ ವಾಹನಕ್ಕೆ ಮೀಸಲಾದದ್ದು, ಮೇಲಿನ ಲೆಕ್ಕದಲ್ಲಿ ವಾಹನವೇ ಅದನ್ನು ಬಳಸಿಕೊಂಡಾಯಿತು. ಟ್ರಕ್ಕಿನ ಹಿಂತೊಟ್ಟಿಯೊಳಗೆ ಜೋಡಿಸುವ ಫಿಫ್ತ್ ವೀಲ್ ಮಾದರಿಗಳಲ್ಲಿ ಮುಂಭಾರ ಇನ್ನೂ ಹೆಚ್ಚಿರುವುದರಿಂದ ಅವಕ್ಕೆ ತುಸು ರಿಯಾಯಿತಿ ಕೊಡಬಹುದು. ಆಕ್ಸಲ್ಲಿನ 435 ಮಾತ್ರ ಅಲ್ಲಿಯೂ ತಪ್ಪುವುದಿಲ್ಲ. ಮರಳಿ ಬರುವ ದಾರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದೂ ಇದೆ. ನೀರಿನ ಟ್ಯಾಂಕು ಆಕ್ಸಲ್ಲಿಗಿಂತ ಮುಂದಿರುವ ಟ್ರೇಲರಿನಲ್ಲಿ 100 ಗ್ಯಾಲನ್ ನೀರು ಮುಗಿಯಿತೆಂದರೆ ಮುಂಭಾಗದಿಂದ 830 ಪೌಂಡ್ ಇಳಿಯಿತು. ವಾಹನ, ಬಂಕಿನ ಸಾಮಾನು ಇದ್ದಲ್ಲೇ ಇವೆ. ಹೋಗುವಾಗ ನೇರವಾಗಿ ಓಡಿದ ಟ್ರೇಲರು ಬರುವಾಗ ಬಾಲ ಬೀಸಿದರೆ ಆಶ್ಚರ್ಯವಿಲ್ಲ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. 1977ರಿಂದ ನಡೆಯುತ್ತಿರುವ ಕ್ಯಾಟ್ ಸ್ಕೇಲ್ ತೂಕದ ಕಟ್ಟೆಗಳು ಹೆದ್ದಾರಿಯ ಟ್ರಕ್ ಸ್ಟಾಪುಗಳಲ್ಲಿ ಸಿಗುತ್ತವೆ. ಎಳೆಯುವ ಟ್ರಕ್ಕಿನ ಆಕ್ಸಲ್ಲುಗಳನ್ನೂ ಟ್ರೇಲರಿನ ಆಕ್ಸಲ್ಲುಗಳನ್ನೂ ಬೇರೆ ಬೇರೆಯಾಗಿ ತೂಗಿ ಚೀಟಿ ಕೊಡುತ್ತಾರೆ. ಬಂಕ್ ತುಂಬಿ ಒಮ್ಮೆ, ಅದೇ ಸಾಮಾನನ್ನು ಟ್ರಕ್ಕಿಗೆ ಇಳಿಸಿ ಇನ್ನೊಮ್ಮೆ ತೂಗಿಸಿದರೆ ಎರಡು ಚೀಟಿಗಳ ನಡುವೆ ವ್ಯತ್ಯಾಸ ಎದ್ದು ಕಾಣುತ್ತದೆ. ಎತ್ತರದ ಬಗ್ಗೆ ಇಷ್ಟು ಮಾತಾಡುವವರು ಈ ಕೆಲಸ ಮಾಡಿಸಿ ತೋರಿಸಿದ್ದರೆ ಈ ವಿವಾದ ಎಂದೋ ಮುಗಿಯುತ್ತಿತ್ತು.

ಬಳಕೆಯ ದೃಷ್ಟಿಯಿಂದಲೂ ಈ ರೂಢಿ ಹೇಳಿಕೊಳ್ಳುವಷ್ಟು ಚುರುಕಾದದ್ದಲ್ಲ. ಗ್ಯಾರೇಜಿನಲ್ಲಿ ವಾಹನವಿರುವವರೆಗೆ ಬಂಕ್ ಕೆಳಗಿಳಿಯದು. ದಾರಿಯಲ್ಲಿ ಟೈರು ಕೈಕೊಟ್ಟರೆ ಜ್ಯಾಕು, ರಾತ್ರಿ ಚಳಿಯೆದ್ದರೆ ಕಂಬಳಿ, ಮಗುವಿಗೆ ಜ್ವರ ಬಂದರೆ ಔಷಧಿಯ ಚೀಲ ಮೇಲೆಯೇ ಉಳಿಯುತ್ತವೆ. ಜನ ಸೈಡ್-ಬೈ-ಸೈಡಿನ ಚೌಕಟ್ಟು ಹತ್ತಿ ಕೈ ಚಾಚುತ್ತಾರೆ. ಪೆಟ್ರೋಲ್ ವಾಹನಗಳೊಂದಿಗೆ ಮುಚ್ಚಿದ ಗ್ಯಾರೇಜಿನಲ್ಲಿ ಇಡೀ ದಿನ ಮರುಭೂಮಿಯ ಬಿಸಿಲಿನಲ್ಲಿ ಸಾಗಿದ ದಿಂಬಿಗೆ ಆ ವಾಸನೆ ಹತ್ತದೆ ಇರುವುದಿಲ್ಲ. ಹಗುರ ಸಾಮಾನಿಗೆ ಬಂಕ್ ಸರಿ ಎಂದೆ. ಆ ಮಾತಿಗೂ ಒಂದು ಷರತ್ತು ಬೇಕು: ಹಾಸಿಗೆ ಬಟ್ಟೆಯನ್ನು ಗಾಳಿಯಾಡದ ಚೀಲದಲ್ಲಿ ಬಿಗಿದು ಇಡಬೇಕು.

ತಯಾರಕರ ಹೊಣೆ ಇಲ್ಲಿ ಸಣ್ಣದೇನಲ್ಲ. 2008ರ ಜೂನ್‌ನಿಂದ ಜಾರಿಗೆ ಬಂದ ಅಮೆರಿಕದ ಕೇಂದ್ರ ಸರ್ಕಾರದ ನಿಯಮದಂತೆ ಪ್ರತಿ ಆರ್‌ವಿ ಟ್ರೇಲರೂ ತಾನು ಹೊರಬಲ್ಲ ಸಾಮಾನಿನ ಮಿತಿಯನ್ನು ಲೇಬಲ್ಲಿನಲ್ಲಿ ತೋರಿಸಬೇಕು. ಟ್ಯಾಂಕಿನ ತುಂಬ ನೀರಿನ ತೂಕ ಅದರಲ್ಲಿ ಎಷ್ಟು ಪಾಲು ಎಂಬುದನ್ನೂ ಹೇಳಬೇಕು. ಒಳ್ಳೆಯ ನಿಯಮ. ಆದರೆ ಒಟ್ಟು ಎಷ್ಟು ಎಂದು ಹೇಳುವ ಆ ಲೇಬಲ್ ಭಾರವನ್ನು ಎಲ್ಲಿಡಬೇಕು ಎಂಬುದರ ಬಗ್ಗೆ ಮಾತಾಡುವುದಿಲ್ಲ. ಬಂಕಿನ ಸ್ವಿಚ್ಚಿನ ಪಕ್ಕದಲ್ಲೇ ಎರಡು ಅಂಕಿ ಬೇಕು: ನಿಂತಾಗ ತಾಳುವ ತೂಕ, ಚಲಿಸುವಾಗ ತಾಳುವ ತೂಕ. ಎರಡನೆಯದನ್ನು ಕೈಪಿಡಿಯ ಒಳಪುಟದಲ್ಲಿ ಬಚ್ಚಿಟ್ಟರೆ ಸಾಲದು. ಮಾರಾಟದ ದಿನ ಸ್ವಿಚ್ ಒತ್ತಿ ತೋರಿಸುವವರೇ ಆ ಅಂಕಿಯನ್ನೂ ಓದಿ ಹೇಳಬೇಕು. ಅಲ್ಲಿಯವರೆಗೆ ಸೌದೆ, ನೀರು, ಜನರೇಟರು ಇವೆಲ್ಲ ಹೋಗಬೇಕಾದದ್ದು ಎಳೆಯುವ ಟ್ರಕ್ಕಿಗೆ, ಅದರ ಮಿತಿಯೊಳಗೆ. ಇಲ್ಲವೆ ಟ್ರೇಲರಿನ ಮುಂಭಾಗದ ಕೆಳಗೂಡಿಗೆ. ಅಲ್ಲೂ ಹಿಡಿಸದಿದ್ದರೆ ಆ ಸಾಮಾನು ಮನೆಯಲ್ಲೇ ಉಳಿಯಲಿ. ಸೌದೆಯೂ ನೀರೂ ದಾರಿಯ ಊರುಗಳಲ್ಲಿ ಕೊಳ್ಳಲು ಸಿಗುತ್ತವೆ.