ತಪ್ಪು ಹುಡುಗರದ್ದಲ್ಲ, ಪಾಠದ್ದು

ಎರಡೇ ಎರಡು ಪುಟ. ಟೈಪ್ ಮಾಡಿದ ಹದಿಮೂರು ನಿಯಮ. 2010ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಇದು 43 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯ್ತು. ದಿನಾ ನೂರಾರು ಪುಟದ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಓದಿ ಕಣ್ಣು ಕೆಂಪು ಮಾಡಿಕೊಳ್ಳುವ ನನ್ನಂಥವನಿಗೆ, ಅಂಥದ್ದೇನಿದೆ ಅದರಲ್ಲಿ ಅಂತ ಕುತೂಹಲ. ಹುಡುಕಿ ಓದಿದೆ. ಆಮೇಲೆ ಅದನ್ನು ಬರೆದ ಜೇಮ್ಸ್ ನೈಸ್ಮಿತ್‌ನ ಪುಸ್ತಕವನ್ನೂ ಓದಿದೆ: 'ಬಾಸ್ಕೆಟ್‌ಬಾಲ್: ಇಟ್ಸ್ ಆರಿಜಿನ್ ಅಂಡ್ ಡೆವಲಪ್‌ಮೆಂಟ್'. ಆತ ತೀರಿಕೊಂಡಿದ್ದು 1939ರಲ್ಲಿ, ಪುಸ್ತಕ ಬಂದಿದ್ದು 1941ರಲ್ಲಿ.

ಹೆಸರು ನೋಡಿ ಇದು ಬಾಸ್ಕೆಟ್‌ಬಾಲ್ ಪುಸ್ತಕ ಅಂದುಕೊಳ್ಳುತ್ತೇವೆ. ಅದರ ಶುರುವಿನ ಭಾಗ ಬೇರೆಯೇ ಪುಸ್ತಕ ಅಂತ ನನಗನ್ನಿಸಿತು. ಒಂದು ಕ್ರೈಸ್ತ ಕಾಲೇಜಿನಲ್ಲಿ ಆಟ ಕಲಿಸುವುದನ್ನು ಕಲಿಯಲು ಹೋದವನೊಬ್ಬನ ಹೋಂವರ್ಕಿನ ಕಥೆ ಅದು.

ಕೆನಡಾದ ಆಲ್ಮಾಂಟ್ ಅನ್ನೋ ಊರಿನ ಕಡೆಯ ಹುಡುಗ ಈ ನೈಸ್ಮಿತ್. ಚಿಕ್ಕವನಿದ್ದಾಗಲೇ ಅಪ್ಪ ಅಮ್ಮ ಹೋದರು. ಸೋದರಮಾವನ ಹೊಲದಲ್ಲಿ ದುಡಿದ, ಓದು ಬಿಟ್ಟು ಮರ ಕಡಿಯಲು ಹೋದ, ಮತ್ತೆ ಓದಿಗೆ ಬಂದ. ಪಾದ್ರಿಯಾಗಬೇಕು ಅಂತ ಮಾಂಟ್ರಿಯಲ್‌ನಲ್ಲಿ ದೇವಶಾಸ್ತ್ರ ಓದುತ್ತಿದ್ದಾಗ ಫುಟ್‌ಬಾಲ್ ಹುಚ್ಚು. ಅಲ್ಲಿನ ಫುಟ್‌ಬಾಲ್ ಅಂದ್ರೆ ರಗ್ಬಿ ಥರದ್ದು, ಮೈಮೇಲೆ ಬಿದ್ದು ಆಡೋದು. ದೇವರ ಸೇವೆಗೆ ಹೊರಟವನಿಗೆ ಇದೇನು ಅಂತ ಜೊತೆಯವರಿಗೆ ಚಿಂತೆ. ಒಂದು ಮ್ಯಾಚಿನಲ್ಲಿ ಪಕ್ಕದ ಆಟಗಾರ ಸಿಟ್ಟಿಗೆದ್ದು ಕೆಟ್ಟದಾಗಿ ಬೈದ. ತಕ್ಷಣ ಇವನತ್ತ ತಿರುಗಿ, ನೀನಿಲ್ಲಿರೋದು ಮರೆತೇಹೋಗಿತ್ತು, ಕ್ಷಮಿಸು ಅಂದ. ಬೈಗುಳದ ಬಗ್ಗೆ ನೈಸ್ಮಿತ್ ಅವನಿಗೆ ಯಾವತ್ತೂ ಏನೂ ಹೇಳಿರಲಿಲ್ಲ. ಉಪದೇಶ ಮಾಡದೆಯೂ ಮನುಷ್ಯರ ಜೊತೆ ಕೆಲಸ ಮಾಡಬಹುದು ಅಂತ ಅವನಿಗೆ ಹೊಳೆದದ್ದು ಅಲ್ಲಿ. ನನಗೆ ಇಡೀ ಪುಸ್ತಕದಲ್ಲಿ ಅತಿ ಇಷ್ಟವಾದದ್ದು ಈ ಪುಟಗಳೇ.

1890ರಲ್ಲಿ ಆತ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ಗೆ ಬಂದ. ಈಗಿನ ಸ್ಪ್ರಿಂಗ್‌ಫೀಲ್ಡ್ ಕಾಲೇಜು ಆಗ ವೈಎಂಸಿಎ ತರಬೇತಿ ಶಾಲೆ. ದೇಹ, ಮನಸ್ಸು, ಆತ್ಮ ಒಂದು ತ್ರಿಕೋನದ ಮೂರು ಬದಿ ಅಂತ ನಂಬಿದ್ದ ಲೂಥರ್ ಗುಲಿಕ್ ಅಲ್ಲಿನ ಮುಖ್ಯಸ್ಥ. ಚಳಿಗಾಲದಲ್ಲಿ ಹೊರಗೆ ಆಟವಿಲ್ಲ, ಒಳಗೆ ಬರೀ ಕವಾಯತು. ಅಲ್ಲಿ ಹದಿನೆಂಟು ಜನರ ಒಂದು ತರಗತಿ ಇತ್ತು. ದೈಹಿಕ ಶಿಕ್ಷಣ ಓದುತ್ತಿದ್ದವರಲ್ಲ, ವೈಎಂಸಿಎ ಶಾಖೆಗಳಲ್ಲಿ ಸೆಕ್ರೆಟರಿ ಆಗಲು ಬಂದಿದ್ದ ಗಂಡಸರು. ಕವಾಯತು ಅಂದ್ರೆ ಅವರಿಗೆ ಆಗದು. ಇಬ್ಬರು ಮೇಷ್ಟ್ರು ಕೈಚೆಲ್ಲಿದ ಮೇಲೆ ತರಗತಿ ನೈಸ್ಮಿತ್‌ನ ಕೊರಳಿಗೆ ಬಿತ್ತು. ತಪ್ಪು ಈ ಹುಡುಗರದ್ದಲ್ಲ, ನಾವು ಕಲಿಸುತ್ತಿರೋ ರೀತಿಯದ್ದು ಅಂತ ಇವನೇ ಮೀಟಿಂಗಿನಲ್ಲಿ ವಾದ ಮಾಡಿದ್ದ. ವಾದ ಮಾಡಿದವನ ತಲೆಗೇ ಟಿಕೆಟ್ ಅಸೈನ್ ಆಗೋದು ಆಗಲೂ ಇತ್ತು ನೋಡಿ! ಗುಲಿಕ್ ಕೊಟ್ಟ ಡೆಡ್‌ಲೈನ್ ಎರಡು ವಾರ.

ಹೊರಗಿನ ಆಟಗಳನ್ನೇ ಒಳಗೆ ಆಡಿಸಲು ನೋಡಿದ, ಆಗಲಿಲ್ಲ. ಆಮೇಲೆ ಕೂತು ಯೋಚಿಸಿದ್ದು ಪಕ್ಕಾ ಡೀಬಗ್ಗಿಂಗ್. ಏಟು ಬೀಳೋದು ಯಾಕೆ? ಎದುರಾಳಿಯನ್ನು ಕೆಡವುತ್ತಾರೆ. ಯಾಕೆ ಕೆಡವುತ್ತಾರೆ? ಅವನು ಚೆಂಡು ಹಿಡಿದು ಓಡುತ್ತಾನೆ. ಹಾಗಾದರೆ ಓಡುವ ಹಾಗೇ ಇಲ್ಲ. ಗೋಲು ನೆಲದ ಮೇಲಿದ್ದರೆ ಚೆಂಡನ್ನು ಬಲವಾಗಿ ಬೀಸುತ್ತಾರೆ, ಮೇಲಿಟ್ಟರೆ ಮೆಲ್ಲಗೆ ಎಸೆಯಲೇಬೇಕು. ಊರಲ್ಲಿ ಚಿಕ್ಕವನಿದ್ದಾಗ ಬಂಡೆ ಮೇಲಿಟ್ಟ ಕಲ್ಲನ್ನು ಕಲ್ಲೆಸೆದು ಬೀಳಿಸುವ ಆಟವೊಂದನ್ನು ಆಡುತ್ತಿದ್ದ (ನಮ್ಮ ಲಗೋರಿಯ ದೂರದ ನೆಂಟ ಅನ್ನಿ). ಗುರಿಯಿಟ್ಟು ಮೇಲಕ್ಕೆ ಎಸೆಯುವ ಉಪಾಯ ಅಲ್ಲಿಂದ ಬಂತು. ಜವಾನನಿಗೆ ಪೆಟ್ಟಿಗೆ ಕೇಳಿದ, ಅವನ ಹತ್ತಿರ ಇದ್ದದ್ದು ಪೀಚ್ ಹಣ್ಣಿನ ಬುಟ್ಟಿ. ಅದನ್ನು ಬಾಲ್ಕನಿಯ ಕಟಾಂಜನಕ್ಕೆ ಮೊಳೆ ಹೊಡೆದರು, ಅದು ಹತ್ತಡಿ ಎತ್ತರದಲ್ಲಿತ್ತು. ಇವತ್ತಿಗೂ ಹತ್ತಡಿಯೇ.

ಇನ್ನು ಆ ಹದಿಮೂರು ನಿಯಮ. ಡಾಕ್ಯುಮೆಂಟ್ ಅಂತ ನೋಡಿದರೆ ರಿವ್ಯೂನಲ್ಲಿ ಪಾಸಾಗೋದು ಕಷ್ಟ. ಎಷ್ಟು ಜನ ಆಡಬೇಕು ಅನ್ನೋದೇ ಇಲ್ಲ! ಇದ್ದದ್ದು ಹದಿನೆಂಟು ಜನ, ಒಂಬತ್ತೊಂಬತ್ತು ಆಡಿದರು. ಚೆಂಡು ಬುಟ್ಟಿಯಲ್ಲೇ ಉಳಿದರೆ ಗೋಲು ಅಂತ ಇದೆ, ಇಳಿಸೋದು ಹೇಗೆ ಅಂತ ಇಲ್ಲ. ಚೆಂಡು ಹಿಡಿದು ಓಡಬಾರದು ಅಂದ, ಪುಟಿಸಬಾರದು ಅನ್ನಲಿಲ್ಲ. ಆ ಸಂದಿಯಲ್ಲೇ ಆಟಗಾರರು ಡ್ರಿಬಲ್ ಕಂಡುಕೊಂಡರು. ಆದರೆ ಐದನೇ ನಿಯಮ ಓದಿ. ತಳ್ಳಿದರೆ, ಹೊಡೆದರೆ, ಕಾಲು ಕೊಟ್ಟರೆ ಮೊದಲ ಸಲ ಫೌಲ್. ಎರಡನೇ ಸಲ ಮುಂದಿನ ಗೋಲು ಆಗುವವರೆಗೆ ಹೊರಗೆ. ನೋಯಿಸಬೇಕು ಅಂತಲೇ ಮಾಡಿದ್ದಾದರೆ ಆ ಇಡೀ ಆಟಕ್ಕೆ ಹೊರಗೆ, ಬದಲಿ ಆಟಗಾರನೂ ಇಲ್ಲ. ಆಮೇಲೆ ಹತ್ತು, ಹನ್ನೊಂದು: ಮನುಷ್ಯರನ್ನು ನೋಡೋಕೆ ಒಬ್ಬ, ಚೆಂಡನ್ನು ನೋಡೋಕೆ ಇನ್ನೊಬ್ಬ. ಸಿಟ್ಟು ಬರುತ್ತದೆ ಅಂತ ಒಪ್ಪಿಕೊಂಡು, ಅದಕ್ಕೆ ಅಳತೆ ಇಟ್ಟು, ವಾಪಸ್ ಬರುವ ಬಾಗಿಲನ್ನೂ ಇಟ್ಟ ಬರಹ ಇದು.

ಪುಸ್ತಕದ ಮೇಲೆ ನನ್ನ ತಕರಾರು ಇಲ್ಲೇ. ಅದರಲ್ಲಿ ಎಲ್ಲಾ ಬಹಳ ಸಲೀಸು: ಯೋಚಿಸಿದ, ನಿಯಮ ಬರೆದ, ನೋಟೀಸ್ ಬೋರ್ಡಿಗೆ ಹಾಕಿದ, ಪುಂಡರಿಗೆ ಆಟ ಹಿಡಿಸಿತು. 1939ರ ಜನವರಿಯಲ್ಲಿ ಒಂದು ರೇಡಿಯೋ ಕಾರ್ಯಕ್ರಮದಲ್ಲಿ ಇದೇ ನೈಸ್ಮಿತ್ ಬೇರೆಯದೇ ಹೇಳಿದ್ದಾನೆ. ಮೊದಲ ಸಲ ಆಡಿಸಿದಾಗ ನಿಯಮಗಳು ಸಾಲಲಿಲ್ಲ, ಹೊಡೆದಾಟವಾಯ್ತು, ಒಬ್ಬ ಪ್ರಜ್ಞೆ ತಪ್ಪಿ ಬಿದ್ದ, ಕೆಲವರ ಕಣ್ಣು ಊದಿತು. ಆದರೂ ಹುಡುಗರು ಬೆನ್ನು ಬಿಡಲಿಲ್ಲ, ಇನ್ನೊಂದು ಸಲ ಆಡಿಸಿ ಅಂದರು. ಓಡಬಾರದು ಅನ್ನೋ ನಿಯಮ ಬಂದಿದ್ದು ಆಮೇಲೆ. ನಾನು ನಂಬೋದು ರೇಡಿಯೋವನ್ನು. ಪುಸ್ತಕ ಇಸ್ತ್ರಿ ಹಾಕಿದ ಅಂಗಿ. ಮೊದಲ ವರ್ಶನ್ ಪ್ರೊಡಕ್ಷನ್ನಿನಲ್ಲಿ ಮಕಾಡೆ ಬಿತ್ತು ಅಂತ ಒಪ್ಪಿಕೊಂಡಿದ್ದರೆ ಮೇಷ್ಟ್ರಾಗುವವರಿಗೆ ಇನ್ನೂ ಉಪಯೋಗಕ್ಕೆ ಬರುತ್ತಿತ್ತು. ನಿಯಮಗಳ ಬದಲಾವಣೆ, ಆಟ ಎಲ್ಲೆಲ್ಲಿ ಹರಡಿತು ಅನ್ನುವ ಮುಂದಿನ ಅಧ್ಯಾಯಗಳು ರಿಲೀಸ್ ನೋಟ್ಸ್ ಇದ್ದಂಗೆ, ಹಾರಿಸಿ ಓದಿದರೂ ನಷ್ಟವಿಲ್ಲ. ಅಂದಹಾಗೆ, ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಕೋಚ್ ಆಗಿ ನೈಸ್ಮಿತ್ ಗೆದ್ದದ್ದು 55, ಸೋತದ್ದು 60. ಗೆಲ್ಲಿಸೋದು ಅವನ ಕೆಲಸವಾಗಿರಲಿಲ್ಲ ಅಂತ ಈ ಲೆಕ್ಕವೇ ಹೇಳುತ್ತದೆ.

ಈ ಸ್ಪ್ರಿಂಗ್‌ಫೀಲ್ಡ್ ನಮಗೆ ದೂರದ್ದೇನಲ್ಲ. ಅಲ್ಲೇ ಓದಿದ್ದ ವಿಲಿಯಂ ಮಾರ್ಗನ್ 1895ರಲ್ಲಿ ಪಕ್ಕದ ಹೋಲಿಯೋಕ್ ಊರಿನಲ್ಲಿ ವಾಲಿಬಾಲ್ ಶುರು ಮಾಡಿದ. ಅಲ್ಲೇ ಓದಿದ್ದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದ. ನಮ್ಮ ಕಡೆಯಿಂದಲೂ ಅಲ್ಲಿಗೆ ಓದಲು ಹೋದವರಿದ್ದಾರೆ. ಆ ದಾರಿಯಲ್ಲಿ ಆಟ ಬಂತು, ಸೀಟಿ ಬಂತು, ಪಿಟಿ ಮೇಷ್ಟ್ರು ಅನ್ನೋ ಹುದ್ದೆ ಬಂತು. ತಪ್ಪು ಯಾರದ್ದು ಅನ್ನೋ ನೈಸ್ಮಿತ್‌ನ ಪ್ರಶ್ನೆ ಮಾತ್ರ ನಮ್ಮ ಊರಿನ ಫೀಲ್ಡಿನವರೆಗೆ ಬರಲಿಲ್ಲ.

ನಮ್ಮ ಪಿಟಿ ಮೇಷ್ಟ್ರು ಕೆಟ್ಟವರೇನಲ್ಲ. ಬೆಲ್ಲು, ಪ್ರಾರ್ಥನೆ, ಜನಗಣತಿ, ಚುನಾವಣೆ ಎಲ್ಲಾ ಅವರ ತಲೆ ಮೇಲೇ. ಅವರ ಪೀರಿಯಡ್ಡನ್ನು ಗಣಿತದವರು ತಗೊಂಡರೂ ಸುಮ್ಮನಿರುತ್ತಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ವಾಲಿಬಾಲ್ ಆಡುತ್ತಾ ಚೆಂಡು ಗೆರೆ ಒಳಗೋ ಹೊರಗೋ ಅಂತ ಜಗಳ ಬಂತು. ಒಬ್ಬ ಇನ್ನೊಬ್ಬನ ಮುಖಕ್ಕೆ ಗುದ್ದಿದ. ಮೇಷ್ಟ್ರು ಬಂದರು, ಏನೂ ಕೇಳಲಿಲ್ಲ, ಇಬ್ಬರಿಗೂ ಬಾರಿಸಿದರು. ಚೆಂಡನ್ನು ಹೆಡ್‌ಮಾಸ್ಟರ್ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆ ವರ್ಷ ಪೂರ್ತಿ ಚೆಂಡು ಈಚೆ ಬರಲಿಲ್ಲ.

ಗುದ್ದಿಸಿಕೊಂಡವನು ನಾನು. ಗುದ್ದಿದವನು ಬರುತ್ತಿದ್ದದ್ದೇ ಆಟದ ಪೀರಿಯಡ್ಡಿಗೆ, ದಸರಾ ರಜೆ ಮುಗಿದ ಮೇಲೆ ಅವನು ಸ್ಕೂಲಿನ ಕಡೆ ಬರಲಿಲ್ಲ. ಬೇಕಂತಲೇ ಗುದ್ದಿದ್ದ, ಅದರಲ್ಲಿ ಅನುಮಾನವಿಲ್ಲ. ಐದನೇ ನಿಯಮದ ಪ್ರಕಾರ ಆ ಆಟ ಮುಗಿಯುವವರೆಗೆ ಹೊರಗೆ ಕೂರಬೇಕಿತ್ತು. ಮಾರನೇ ದಿನ ಆಡಬಹುದಿತ್ತು.